ತವರಿನ ಹೆಪ್ಪು

ಇಚಲಕರಂಜಿಯ ಮಗ್ಗದವರ ಚಾಳಿನಲ್ಲಿ ದುರ್ಗವ್ವ ಮಾರುವ ಮಜ್ಜಿಗೆ ಕುಡಿಯದ ಬಾಯಿಯೇ ಇರಲಿಲ್ಲ. ಗಡಹಿಂಗ್ಲಜ ಕಡೆಯ ತವರೂರು ನೂಲದಿಂದ ಮದುವೆಯಲ್ಲಿ ಅವ್ವ ಕಟ್ಟಿಕೊಟ್ಟ ಹೆಪ್ಪು ಅದು. ಅವ್ವ ಹೋದಳು, ಹೆಪ್ಪು ಉಳಿಯಿತು. ತವರೆಂದು ಅವಳಿಗೆ ಮಿಕ್ಕಿದ್ದು ಅದೊಂದೇ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ಕಟ್ಟಳೆಯನ್ನೂ ನೋಡದೆ, ಬಟ್ಟಲು ಹಿಡಿದು ಬಂದವರಿಗೆಲ್ಲ ಒಂದು ಚಮಚ ಹಾಕುತ್ತಿದ್ದಳು ಪುಣ್ಯಾತ್ಗಿತ್ತಿ.

ಅರವತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಆ ಹೆಪ್ಪು ಸತ್ತಿತು. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇದೆ! ಮರುದಿನವೂ ಅದೇ ಹಣೆಬರಹ. ಒಯ್ದವರನ್ನು ಕೇಳಿದರೆ ಉಳಿಸಿಕೊಂಡವರು ಒಬ್ಬರೂ ಸಿಗಲಿಲ್ಲ; ನೂಲದಿಂದ ತರೋಣವೆಂದರೆ ಅಣ್ಣ ಎಮ್ಮೆಗಳನ್ನೇ ಮಾರಿಬಿಟ್ಟಿದ್ದ. ಎದುರು ಮನೆಯಲ್ಲಿ ಮೊಸರು ಮಾರುವ ಹೌಸಾಬಾಯಿ ಸುಮ್ಮನಿದ್ದಾಳೆಯೇ? ನಳದ ಹತ್ತಿರ ನಿಂತು, “ಗಂಡನ್ನ ತಿಂದ ಕೈ, ಹಾಲರೆ ಹೆಂಗ ಹೆಪ್ಪಾದೀತು?” ಎಂದಳು. ಗಿರಾಕಿಗಳೆಲ್ಲ ಎದುರು ಮನೆಗೆ ತಿರುಗಿದರು. ದುರ್ಗವ್ವನ ಮೈ ಉರಿದುಹೋಯಿತು.

ಕೊಲ್ಹಾಪುರದ ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ರತ್ನಮಾಲಾ ರಜೆಗೆಂದು ಪಕ್ಕದ ಮನೆಯಲ್ಲಿದ್ದ ತನ್ನ ಅಣ್ಣನಲ್ಲಿಗೆ ಬಂದಿದ್ದಳು. ದುರ್ಗವ್ವನ ಕೆಟ್ಟ ಗಡಿಗೆ ನೋಡಿ, ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದಳು. ಮೇಲೆ ಮೂಲೆಮೂಲೆಯಾದ ತಲೆ, ಕೆಳಗೆ ಉದ್ದ ಬಾಲ.

“ನಿಮ್ಮ ಕೈಯದು ತಪ್ಪಲ್ಲರಿ, ಮಾವಶಿ. ಹಾಲು ಮೊಸರು ಮಾಡೂ ಜಂತು ಇರತಾವಲ್ಲ, ಅವನ್ನ ಕೊಲ್ಲೂ ವೈರಸ್ ಇದು. ಮೈಯೆಲ್ಲ ಪ್ರೋಟೀನಿನ ಚಿಪ್ಪು. ಬಾಲದ ತುದಿ ಕೀಲಿಕೈ ಇದ್ದಂಗ, ತನ್ನ ಕೀಲಿಗಷ್ಟ ಕೂಡತೈತಿ. ನಿಮ್ಮ ಹೆಪ್ಪಿಗೆ ಕೂಡಿದ್ದು ಬ್ಯಾರೆಯವರ ಹೆಪ್ಪಿಗೆ ಕೂಡೂದಿಲ್ಲ. ಗಡಿಗಿ, ಅರಿವಿ ಎಲ್ಲಾ ಕುದಿಸ್ರಿ, ಚಿಪ್ಪು ಕೆಟ್ಟು ಹೋಗತೈತಿ. ಇಲ್ಲಾಂದ್ರ ಈ ಕೆಟ್ಟ ಗಡಿಗಿ ನೀರು ಒಂದ ಹನಿ ಸಾಕು, ಇಡೀ ಗಡಿಗಿ ಹಾಳು.”

ದುರ್ಗವ್ವನ ಕಿವಿಯಲ್ಲಿ ನಿಂತದ್ದು ಕೊನೆಯ ಮಾತೊಂದೇ.

ಆ ಸಂಜೆ ಹೌಸಾಬಾಯಿ ಹಾಲಿಗೆ ಹೆಪ್ಪು ಹಾಕಿ ನೀರಿಗೆ ಹೋದಳು. ದುರ್ಗವ್ವ ಸೆರಗಿನ ಮರೆಯಲ್ಲಿ ಕೆಟ್ಟ ಗಡಿಗೆಯ ನೀರು ಹಿಡಿದು ಒಳಹೊಕ್ಕಳು. ಹಾಲಿಗೆ ಸುರುವಿದಳು. ಅಷ್ಟಕ್ಕೆ ಸಿಟ್ಟು ತಣಿಯಬೇಕಲ್ಲ! ನಾಳೆಯ ಹೆಪ್ಪಿಗೆಂದು ಎತ್ತಿಟ್ಟಿದ್ದ ಮೊಸರಿಗೂ ಸುರುವಿ, “ಹಾಳಾಗಿ ಹೋಗು,” ಎಂದು ಹಲ್ಲು ಕಡಿದಳು.

ಹೌಸಾಬಾಯಿಯ ಹಾಲೂ ಹಾಲಾಗಿಯೇ ಉಳಿಯಿತು. ದುರ್ಗವ್ವನ ಹೊಟ್ಟೆ ತಂಪಾಯಿತು. ಮೂರನೆಯ ದಿನ ಹೌಸಾಬಾಯಿ ಗಡಿಗೆ ಹೊತ್ತು ಇವಳ ಹೊಸ್ತಿಲಿಗೇ ಬಂದಳು.

“ಈಗ ಯಾರನ್ನ ತಿಂದ ಕೈ ಅಂತೀ?” ಎಂದು ದುರ್ಗವ್ವ ಸೊಂಟಕ್ಕೆ ಕೈಯಿಟ್ಟಳು.

“ಅನ್ನು ಅಕ್ಕಾ, ನನ್ನ ನಾಲಿಗಿ ಭಾಳ ಕೆಟ್ಟದ್ದು. ನಾ ಈ ಚಾಳಿಗೆ ಬಂದ ದಿನ ದೀಪ ಹಚ್ಚಿ ಆಗಿತ್ತು, ಒಬ್ಬರೂ ಹೆಪ್ಪು ಕೊಡಲಿಲ್ಲ. ನೀ ಕೊಟ್ಟಿ. ಅದನ್ನ ಇಲ್ಲೀತನಕ ಸಾಯಗೊಟ್ಟಿರಲಿಲ್ಲ. ನಿಂದು ಸತ್ತಾಗ ತಿರುಗಿ ಕೊಡಬೇಕಿತ್ತು, ಸೊಕ್ಕು ಬಿಡಲಿಲ್ಲ. ಈಗ ಅದೂ ಹೋತು.”

ದುರ್ಗವ್ವ ನೆಲದ ಮೇಲಿನ ಚಿತ್ರ ನೋಡಿದಳು. ತಲೆ ಅಳಿಸಿಹೋಗಿತ್ತು, ಬಾಲ ಉಳಿದಿತ್ತು. ರತ್ನಮಾಲಾ ಹೇಳಿದ ಕೀಲಿಕೈಯ ಮಾತು ಈಗ ನೆನಪಾಯಿತು; ಬೇರೆಯವರ ಹೆಪ್ಪಾಗಿದ್ದರೆ ಬದುಕುತ್ತಿತ್ತು. ಗಡಿಗೆ ಕಸಿದುಕೊಂಡು ಮೂಸಿದಳು. ಬರೀ ಹಾಲಿನ ವಾಸನೆ.

“ಅವ್ವಾ! ನಿನ್ನ ನಾನ ಕೊಂದೆನಲ್ಲಬೇ!” ಎಂದು ಆಕೆ ಎದೆ ಬಡಿದುಕೊಂಡು ಅತ್ತಳು. ಹೌಸಾಬಾಯಿಗೆ ಏನೊಂದೂ ತಿಳಿಯಲಿಲ್ಲ.