ಸಂಬಂಧದ ಕಾಲಂ

ಗುಂಡಿಯಮ್ಮನಿಗೆ ಆ ಹೆಸರು ಬಂದದ್ದು ಕಸುಬಿನಿಂದ. ಅಂಗಿ ಹೊಲಿಯುವವರು ಬೇರೆ. ಹೊಲಿದ ಅಂಗಿಗೆ ಕಾಜಾ ಹಾಕಿ ಗುಂಡಿ ಕೂರಿಸುವವಳು ಇವಳು. ನಾಲ್ಕು ದರ್ಜಿ ಅಂಗಡಿಗಳಿಂದ ಬೆಳಿಗ್ಗೆ ಬಟ್ಟೆಯ ಗಂಟು ಬರುತ್ತಿತ್ತು, ಸಂಜೆಗೆ ವಾಪಸು ಹೋಗುತ್ತಿತ್ತು. ಊರಿನ ಅರ್ಧ ಗಂಡಸರು ಎದೆ ಮುಚ್ಚಿಕೊಂಡು ಮರ್ಯಾದೆಯಾಗಿ ತಿರುಗುತ್ತಿದ್ದದ್ದು ಅವಳ ಕೈಯಿಂದ, ಆದರೆ ಅವರಲ್ಲಿ ಒಬ್ಬನಿಗೂ ಅವಳ ಮುಖ ಗೊತ್ತಿರಲಿಲ್ಲ. ಅದಕ್ಕೆ ಅವಳು ಬೇಸರಪಟ್ಟವಳೂ ಅಲ್ಲ. ಬೇಸರಪಡುವುದಕ್ಕೂ ಪುರುಸೊತ್ತು ಬೇಕಲ್ಲ.

ಇಪ್ಪತ್ತಾರು ವರ್ಷ ಅವಳು ಇದ್ದದ್ದು ಒಬ್ಬ ಶಾಲಾ ಟೀಚರಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಗಂಡ ಸತ್ತ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಬಾಡಿಗೆಗೆ ಬಂದಿದ್ದಳು. ಎರಡು ವರ್ಷ ಕಳೆಯುವುದರೊಳಗೆ ಬಾಡಿಗೆಯ ಮಾತು ಇಬ್ಬರಿಗೂ ಮರೆತುಹೋಯಿತು, ಎರಡು ಒಲೆ ಒಂದಾಯಿತು, ಟೀಚರು ಹೋಗಿ ಅಕ್ಕ ಆಯಿತು. ಅಕ್ಕ ಮದುವೆಯಾದವಳಲ್ಲ. ದಿನಾ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದಳು, ಇವಳು ಸೂಜಿಗೆ ದಾರ ಪೋಣಿಸುತ್ತಾ ಕೇಳುತ್ತಿದ್ದಳು. ಅಚ್ಚಿನ ತಪ್ಪು ಸಿಕ್ಕರೆ ಅಕ್ಕ ಕೆಂಪು ಪೆನ್ನಿನಿಂದ ತಿದ್ದಿ, ಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಪೇಪರು ಒಂದು ದಿನವೂ ಪಾಸಾಗಲಿಲ್ಲ.

ಅಂಥ ಅಕ್ಕ ಒಂದು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಆಸ್ಪತ್ರೆಯ ಹಾಸಿಗೆಯ ಹತ್ತಿರ ಒಂದು ಸಲವೂ ತಲೆ ಹಾಕದಿದ್ದ ಅವಳ ಅಣ್ಣನ ಮಗ ಮನೆಯ ಬೀಗದ ಹತ್ತಿರ ಮಾತ್ರ ಸರಿಯಾದ ಹೊತ್ತಿಗೆ ಬಂದ. ಅವನು ಕೆಟ್ಟವನಲ್ಲ ಎಂದು ಗುಂಡಿಯಮ್ಮ ಇವತ್ತಿಗೂ ಹೇಳುತ್ತಾಳೆ. ನನ್ನನ್ನು ಕೇಳಿದರೆ ಅದು ಬೇರೆ ಮಾತು.

"ಇಷ್ಟು ವರ್ಷ ನಮ್ಮತ್ತೆ ನಿಮಗೆ ಜಾಗ ಕೊಟ್ಟಿದ್ರಲ್ಲ, ಅದೇ ದೊಡ್ಡದು. ಉಯಿಲು ಬರೆದಿದ್ದಾರೆ. ಅದರಲ್ಲಿ ನಿಮಗೆ ಏನೂ ಬರೋದಿಲ್ಲ" ಎಂದ. ಎಷ್ಟು ಜೋಪಾನವಾಗಿ ಆಡಿದ ಮಾತು ಅದು ಎನ್ನುವುದು ಆಮೇಲೆ ಗೊತ್ತಾಯಿತು.

ಅವಳು ಅದೇ ಟ್ರಂಕು ಹಿಡಿದುಕೊಂಡು ಒಂದು ಲಾಂಡ್ರಿಯ ಮೇಲಿನ ಕೋಣೆಗೆ ಹೋದಳು. ಕೆಳಗಿನ ಇಸ್ತ್ರಿಯ ಬಿಸಿ ನೆಲದಿಂದ ಮೇಲೆ ಬರುತ್ತಿತ್ತು. ಗಂಟು ಬರುವುದು, ಹೋಗುವುದು ನಿಲ್ಲಲಿಲ್ಲ. ನಿಂತದ್ದು ಮಾತು. ಅಂಗಡಿಯವರ ಹತ್ತಿರ "ಎಷ್ಟು ಅಂಗಿ?", ಹಾಲಿನವನ ಹತ್ತಿರ "ಅರ್ಧ ಲೀಟರು", ಅಷ್ಟರಲ್ಲಿ ಅವಳ ಇಡೀ ದಿನ ಮುಗಿಯುತ್ತಿತ್ತು. ಒಂದೊಂದು ಸಲ ಹಳೆಯ ಪೇಪರು ತೆಗೆದುಕೊಂಡು ತಾನೇ ಗಟ್ಟಿಯಾಗಿ ಓದಲು ನೋಡುತ್ತಿದ್ದಳು. ತನ್ನ ಧ್ವನಿ ಕೇಳಿ ತನಗೇ ಭಯವಾಗಿ ನಿಲ್ಲಿಸಿಬಿಡುತ್ತಿದ್ದಳು.

ಹೋದ ಕೋಣೆಗಾಗಿ ಅವಳು ಅಳಲಿಲ್ಲ. ಆದರೆ ಅಕ್ಕ ಒಮ್ಮೆ "ನಿನ್ನ ವಿಷಯಾನೂ ಬರೆದಿದ್ದೀನಿ ಕಣೇ" ಎಂದದ್ದು ಅವಳ ಕಿವಿಯಲ್ಲೇ ಇತ್ತು. ಅಣ್ಣನ ಮಗ ಹೇಳಿದ್ದು ನಿಜವಾದರೆ ಅಕ್ಕನ ಮಾತು ಸುಳ್ಳು. ಅಕ್ಕನ ಮಾತು ಸುಳ್ಳಾದರೆ ಇಪ್ಪತ್ತಾರು ವರ್ಷ ತಾನು ಆ ಮನೆಯಲ್ಲಿ ಏನಾಗಿದ್ದೆ? ಮೂರು ವರ್ಷ ಇದೊಂದೇ ಪ್ರಶ್ನೆ ಅವಳನ್ನು ಒಳಗೇ ಕೊರೆಯಿತು.

ದಾರಿ ತೋರಿಸಿದವನು ಒಬ್ಬ ದರ್ಜಿ. ಉಯಿಲು ಸರಿಯಾಗಿದೆ ಎಂದು ಕೋರ್ಟು ಒಪ್ಪಿ ಮುದ್ರೆ ಹಾಕಿಕೊಡುವುದಕ್ಕೆ ಪ್ರೊಬೇಟ್ ಎನ್ನುತ್ತಾರೆ, ಆ ಕಡತ ಕೋರ್ಟಿನಲ್ಲೇ ಇರುತ್ತದೆ, ಅರ್ಜಿ ಕೊಟ್ಟರೆ ಯಾರಿಗೆ ಬೇಕಾದರೂ ನಕಲು ಸಿಗುತ್ತದೆ ಎಂದ. ಗುಂಡಿಯಮ್ಮ ಒಗೆದ ಸೀರೆ ಉಟ್ಟು ಕೋರ್ಟಿಗೆ ಹೋದಳು.

ನಕಲು ವಿಭಾಗ ಎಂದರೆ ಒಂದು ಕಿಟಕಿ, ಅದರ ಹಿಂದೆ ಒಬ್ಬ ಗುಮಾಸ್ತ. ಅವಳು ತುಂಬಿಸಿ ಕೊಟ್ಟ ಅರ್ಜಿಯನ್ನು ಅವನು ಅಲ್ಲೇ ವಾಪಸು ತಳ್ಳಿದ.

"ಮೃತರಿಗೂ ನಿಮಗೂ ಇರೋ ಸಂಬಂಧ. ಈ ಕಾಲಂ ಖಾಲಿ ಬಿಟ್ಟಿದ್ದೀರಲ್ಲ."

"ಏನಂತ ಬರೀಲಿ ಸಾರ್? ಜೊತೇಲಿ ಇದ್ವಿ."

"ಜೊತೇಲಿ ಅಂದ್ರೆ? ರಕ್ತಸಂಬಂಧವಾ?"

"ಅಲ್ಲ ಸಾರ್."

"ಬಾಡಿಗೆಗೆ ಇದ್ರಾ?"

"ಮೊದಲು..."

ಅವನು ಪೂರ್ತಿ ಕೇಳಲಿಲ್ಲ. ತಾನೇ ಪೆನ್ನು ತೆಗೆದು 'ಬಾಡಿಗೆದಾರರು' ಎಂದು ಗೀಚಿ ಮುದ್ರೆ ಒತ್ತಿದ. ಅವಳು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು ಎಂದು ಮನೆ ಮುಟ್ಟುವ ತನಕ ತನ್ನನ್ನೇ ಬೈದುಕೊಂಡಳು.

ಹದಿನೈದು ದಿನ ಬಿಟ್ಟು ಹೋದರೆ ಅರ್ಜಿಯ ಬೆನ್ನಿಗೆ 'ದಾಖಲೆ ಲಭ್ಯವಿಲ್ಲ' ಎಂದು ಬರೆದಿತ್ತು. ಎರಡನೆಯ ಸಲವೂ ಅದೇ. ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟಳು. ಆಗ ರೆಕಾರ್ಡ್ ರೂಮಿನಿಂದ ಹೊರಗೆ ಬಂದವನು ಧೂಳಪ್ಪ. ಹುಬ್ಬಿನ ತನಕ ಕಡತದ ಧೂಳು ಮೆತ್ತಿಕೊಂಡೇ ಓಡಾಡುವ ದಾಖಲೆಗಾರನಿಗೆ ಕೋರ್ಟಿನವರು ಇಟ್ಟ ಹೆಸರು ಅದು, ಅವನಿಗೂ ಒಪ್ಪಿಗೆಯಾಗಿತ್ತು. ಅವಳ ಅರ್ಜಿ ನೋಡಿ ನಕ್ಕ.

"ತಾಯಿ, ನೀವು ಸತ್ತೋರ ಹೆಸರು, ಸತ್ತ ವರ್ಷ ಕೊಟ್ಟಿದ್ದೀರ. ಎಲ್ರೂ ಇದನ್ನೇ ಮಾಡ್ತಾರೆ. ನಮ್ಮ ಇಂಡೆಕ್ಸ್ ಬುಕ್ಕಲ್ಲಿ ಸತ್ತೋರಿಗೆ ಜಾಗ ಇಲ್ಲ. ಅರ್ಜಿ ಹಾಕಿದೋರ ಹೆಸರಲ್ಲಿ, ಆದೇಶ ಆದ ವರ್ಷದಲ್ಲಿ ಹುಡುಕಬೇಕು. ಯಾರು ಹಾಕಿದ್ದು?"

ಅವಳು ಅಣ್ಣನ ಮಗನ ಹೆಸರು ಹೇಳಿದಳು. ಅವನು ಒಳಗೆ ಹೋಗಿ, ಅರ್ಧ ಗಂಟೆಯಲ್ಲಿ ಕೇಸು ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಬಂದ. ಮೂರು ವರ್ಷದಲ್ಲಿ ಯಾರಾದರೂ ಅವಳಿಗೋಸ್ಕರ ಅರ್ಧ ಗಂಟೆ ಕಳೆದದ್ದು ಅದೇ ಮೊದಲು. ಮೂರನೆಯ ಅರ್ಜಿಯನ್ನು ಗುಮಾಸ್ತ ಎರಡನೆಯದನ್ನು ನೋಡಿಕೊಂಡು ತಾನೇ ತುಂಬಿಸಿದ. ಒಂದು ವಾರಕ್ಕೆ ನಕಲು ತಯಾರಾಯಿತು.

"ಮೊದಲು ಎಲ್ಲಾ ಪುಟ ಇದೆಯಾ ನೋಡ್ಕೊಳ್ಳಿ, ಆಮೇಲೆ ರಿಜಿಸ್ಟರಲ್ಲಿ ಸಹಿ ಹಾಕಿ" ಎಂದು ಧೂಳಪ್ಪನೇ ತಂದುಕೊಟ್ಟ.

ಬೆಂಚಿನ ಮೇಲೆ ಕೂತು ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಅಕ್ಕನದೇ ದುಂಡು ಅಕ್ಷರ. ಮನೆ ಅಣ್ಣನ ಮಗನಿಗೆ. ಪುಸ್ತಕಗಳು ಶಾಲೆಗೆ. ಆಮೇಲೆ ಐದನೆಯ ಸಾಲು: 'ರಕ್ತದಲ್ಲಿ ಅಲ್ಲದಿದ್ದರೂ ಬದುಕಿನಲ್ಲಿ ನನ್ನ ತಂಗಿಯಾದ ಇವಳು, ತನ್ನ ಕೊನೆಯ ದಿನದವರೆಗೆ ಮುಂದಿನ ಕೋಣೆಯಲ್ಲಿ ಇರತಕ್ಕದ್ದು. ಯಾರೂ ಎಬ್ಬಿಸಕೂಡದು.' ಕೆಳಗೆ ಅವಳ ಪೂರ್ತಿ ಹೆಸರಿತ್ತು. ಆ ಹೆಸರಿನಿಂದ ಅವಳನ್ನು ಕರೆದವರು ಈಗ ಯಾರೂ ಉಳಿದಿರಲಿಲ್ಲ.

"ಬರೆದಿದ್ದಾಳೆ ಸಾರ್! ಬರೆದಿದ್ದಾಳೆ!" ಎಂದಳು. "ಹಾಗಾದ್ರೆ ಏನೂ ಬರೋದಿಲ್ಲ ಅಂತ ಅವನು ಯಾಕೆ ಹೇಳಿದ?"

ಧೂಳಪ್ಪ ಹಾಳೆ ತಿರುಗಿಸಿದ. ಕೊನೆಯಲ್ಲಿ ಇಬ್ಬರು ಸಾಕ್ಷಿಗಳ ಸಹಿ. ಒಂದು ಆ ಬೀದಿಯ ಪೋಸ್ಟ್‌ಮ್ಯಾನಿನದು. ಇನ್ನೊಂದನ್ನು ಅವನು ಕಣ್ಣು ಕಿರಿದು ಮಾಡಿಕೊಂಡು ನೋಡಿದ, ಆಮೇಲೆ ಅವಳನ್ನು ನೋಡಿದ.

"ಇದು ನಿಮ್ಮದಾ ತಾಯಿ?"

ಅವಳಿಗೆ ಆ ಬೆಳಗು ನೆನಪಾಯಿತು. ಅಡುಗೆಮನೆಯ ಮೇಜು, ಪೇಪರಿನಿಂದ ಅರ್ಧ ಮುಚ್ಚಿದ ಕಾಗದ. "ಇಲ್ಲಿ ಸಹಿ ಹಾಕು. ಮೇಲಿಂದು ಓದಬೇಡ, ಓದಿದ್ರೆ ಅತ್ತುಬಿಡ್ತೀಯ. ಇಬ್ಬರು ಬೇಕಂತೆ. ಪೋಸ್ಟಿನವನನ್ನ ಹಿಡಿದು ನಿಲ್ಲಿಸಿದ್ದೀನಿ. ಇನ್ನು ನಮಗೆ ಯಾರಿದ್ದಾರೆ, ನೀನೇ ಹಾಕು" ಎಂದು ಅಕ್ಕ ನಕ್ಕಿದ್ದಳು. ಇವಳೂ ನಕ್ಕು, ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿ ಸಹಿ ಹಾಕಿದ್ದಳು.

"ಉಯಿಲಿಗೆ ಸಾಕ್ಷಿ ಹಾಕಿದೋರಿಗೆ ಅದೇ ಉಯಿಲಿಂದ ಏನೂ ಬರೋ ಹಾಗಿಲ್ಲ" ಎಂದ ಧೂಳಪ್ಪ, ಹಾಳೆಯ ಮೇಲೇ ಕಣ್ಣಿಟ್ಟು. "ಅವನಿಗೆ ಈ ಕಾನೂನು ಮೊದಲೇ ಗೊತ್ತಿತ್ತು ಅಂತ ಕಾಣುತ್ತೆ. ಅದರ ಪ್ರಕಾರಾನೇ ಕೋರ್ಟೂ ಐದನೇ ಸಾಲು ರದ್ದು ಮಾಡಿದೆ. ನಿಮಗೆ ನೋಟೀಸೂ ಹೋಗಿತ್ತು, ಹಳೇ ವಿಳಾಸಕ್ಕೆ. 'ಈ ವಿಳಾಸದಲ್ಲಿ ಇಲ್ಲ' ಅಂತ ವಾಪಸು ಬಂದಿದೆ. ಬೇರೆ ಯಾರಾದ್ರೂ ಒಬ್ಬರು ಸಹಿ ಹಾಕಿದ್ರೆ ಸಾಕಿತ್ತು. ಯಾರೂ ಇರ್ಲಿಲ್ವಾ?"

"ಯಾರಿದ್ರು ಸಾರ್ ನಮಗೆ" ಎಂದಳು ಅವಳು.

ಊರಿನವರ ತಪ್ಪನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿದ ಅಕ್ಕ ತನ್ನ ಕಾಗದದಲ್ಲಿ ಮಾಡಿದ ತಪ್ಪು ಇದೊಂದೇ. ಗುಂಡಿಯಮ್ಮ ಆಗ ಅತ್ತಳು, ಮೂರು ವರ್ಷದ್ದನ್ನೆಲ್ಲ ಒಟ್ಟಿಗೇ ಅತ್ತಳು. ಅವಳು ಮೂಗು ಒರೆಸಿಕೊಂಡು ಎದ್ದು ಕಿಟಕಿಗೆ ಹೋದಳು, ಧೂಳಪ್ಪ ಹಿಂದೆಯೇ ಬಂದ.

ಗುಮಾಸ್ತ ರಿಜಿಸ್ಟರು ತಿರುಗಿಸಿ ಬೆರಳಿಟ್ಟ. "ಇಲ್ಲಿ ಸಹಿ ಹಾಕಿ."

ಅವಳು ಸಹಿ ಹಾಕಲಿಲ್ಲ. ಮೊದಲಿನ ಕಾಲಂನಿಂದ ಓದತೊಡಗಿದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಅವಳು ತಲೆ ಎತ್ತಲಿಲ್ಲ. ನಾಲ್ಕನೆಯದು ಸಂಬಂಧದ ಕಾಲಂ, ಅಲ್ಲಿಗೆ ಬಂದು ನಿಂತಳು.

"ಇದು ತಪ್ಪಾಗಿದೆ ಸಾರ್. ನಾನು ಬಾಡಿಗೆಯವಳಲ್ಲ. ತಂಗಿ ಅಂತ ತಿದ್ದಿ."

"ಅಮ್ಮ, ನೀವು ಹೇಳಿದ್ರೆ ಆಯ್ತಾ? ದಾಖಲೆ ಬೇಕು."

"ಇದೆ" ಎಂದು ಅವಳು ಕೋರ್ಟಿನ ಮುದ್ರೆ ಬಿದ್ದ ನಕಲನ್ನು ಕಿಟಕಿಯೊಳಗೆ ಚಾಚಿ, ಐದನೆಯ ಸಾಲಿನ ಮೇಲೆ ಬೆರಳಿಟ್ಟಳು.

ಗುಮಾಸ್ತ ಓದಿದ. ಇನ್ನೊಮ್ಮೆ ಓದಿದ. "ರದ್ದಾಗಿರೋದು ಕೋಣೆ ಮಾತ್ರ ಕಣಯ್ಯ" ಎಂದ ಧೂಳಪ್ಪ ಹಿಂದಿನಿಂದ. ಗುಮಾಸ್ತ 'ಬಾಡಿಗೆದಾರರು' ಎಂಬುದಕ್ಕೆ ಗೆರೆ ಎಳೆದು 'ತಂಗಿ' ಎಂದು ಬರೆದ. "ತಿದ್ದಿದ್ದಕ್ಕೆ ಒಬ್ಬರು ಸಾಕ್ಷಿ ಬೇಕು. ಯಾರಿದ್ದಾರೆ?"

ಗುಂಡಿಯಮ್ಮ ಹಿಂದೆ ಸಾಲಿನಲ್ಲಿದ್ದವರ ಕಡೆ ತಿರುಗಿ ನೋಡಿದಳು. ಧೂಳಪ್ಪ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಬಂದ. "ಇದರಿಂದ ನನಗೆ ಏನೂ ಬರೋದಿಲ್ಲ. ನಾನು ಹಾಕಬಹುದು."

ಅವನ ಸಹಿಯ ಪಕ್ಕದಲ್ಲಿ ಅವಳು ತನ್ನ ಸಹಿ ಹಾಕಿ, ನಕಲನ್ನು ಮಡಿಸದೆ ಎದೆಗೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಬೇಗ ಮನೆಗೆ ಹೋಗಿ ಹೇಳಬೇಕು ಎಂದು ಕಾಲು ತಾನಾಗಿ ಓಡುತ್ತಿತ್ತು. ಗೇಟಿನ ಹತ್ತಿರ ಬಂದ ಮೇಲೆ ಅವಳಿಗೆ ಹೊಳೆಯಿತು, ಕಾಲು ಹಳೆಯ ಮನೆಯ ದಾರಿ ಹಿಡಿದಿದೆ ಎಂದು. ಇದನ್ನು ಹೇಳಬೇಕಾಗಿದ್ದದ್ದು ಒಬ್ಬಳಿಗೇ, ಅವಳು ಇರಲಿಲ್ಲ. ಗುಂಡಿಯಮ್ಮ ಲಾಂಡ್ರಿಯ ಕಡೆಗೆ ತಿರುಗಿದಳು.