ಅಜ್ಜಿ ಅಳಿಸಿದ ಗೆರೆ

ಆ ದಿನಗಳಲ್ಲಿ ಮರಳವಾಡಿ ಕಡೆಯ ನಮ್ಮೂರಿನಲ್ಲಿ ರೇಷ್ಮೆ ಸಾಕುವ ಯಾರ ಮನೆಗೆ ಹೋದರೂ ನಡುಮನೆ ಹುಳುಗಳದ್ದೇ. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಳ್ಳಬೇಕು. ತಾತ, ಅಪ್ಪ, ಬಂದುಹೋಗುವ ಗಂಡಸರು ಜಗಲಿಯಲ್ಲಿ. ಅವ್ವ, ಅಜ್ಜಿ ಅಡುಗೆಮನೆ, ಹಿತ್ತಲಲ್ಲಿ. ಹುಳುಗಳು ಮಾತ್ರ ಮದುವೆಗೆ ಬಂದ ಬೀಗರ ಹಾಗೆ ಬಿದಿರಿನ ತಟ್ಟೆಗಳ ಮೇಲೆ ಹರಡಿಕೊಂಡು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಆ ಹಸಿ ಸೊಪ್ಪಿನ ವಾಸನೆ ನನ್ನ ಲಂಗಕ್ಕೂ ಪುಸ್ತಕಕ್ಕೂ ಅಂಟಿರುತ್ತಿತ್ತು.

ಹಿತ್ತಲಲ್ಲಿ ಕೊಟ್ಟಿಗೆಗೆ ಆತುಕೊಂಡು ಒಂದು ಪುಟ್ಟ ಕೋಣೆಯಿತ್ತು. ಕಿಟಕಿಯಿಲ್ಲ, ಒಂದೇ ಬಾಗಿಲು. ಮುಟ್ಟಾದ ಹೆಂಗಸರು ಮೂರು ದಿನ ಅಲ್ಲಿರಬೇಕು. ಬೇರೆ ಕಡೆ ಇದಕ್ಕೆ ದೇವರ ಹೆಸರು ಹೇಳುತ್ತಿದ್ದರೇನೋ, ನಮ್ಮಲ್ಲಿ ಹುಳುವಿನ ಹೆಸರು. ಹೊರಗಾದವಳ ನೆರಳು ಸೋಕಿದರೂ ಹುಳುವಿಗೆ ರೋಗ ಬರುತ್ತದೆ ಎಂಬ ಭಯ. ಮಿಕ್ಕ ದಿನ ಸೊಪ್ಪು ಕೊಯ್ದು, ಹೆಚ್ಚಿ, ಹಿಕ್ಕೆ ಬಳಿದು ಆ ಹುಳುಗಳನ್ನು ಸಾಕುತ್ತಿದ್ದವರು ಅದೇ ಹೆಂಗಸರು ಎನ್ನುವುದು ಯಾರ ತಲೆಗೂ ಹೋಗುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಬೇಸಿಗೆಯ ಬೆಳೆ ಭರ್ಜರಿಯಾಗಿ ಬಂದಿತ್ತು. ಹುಳು ಇನ್ನೇನು ಹಣ್ಣಾಗುವುದರಲ್ಲಿತ್ತು. ಹಣ್ಣಾದ ಹುಳು ಮೇವು ಬಿಟ್ಟು, ಮೈ ಗಾಜಿನಂತಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಲೇ ಆರಿಸಿ, ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನೊಳಗೇ ನೂಲು ಸುತ್ತಿಕೊಂಡು ಗೂಡು ಕೆಡುತ್ತದೆ. ನಮ್ಮ ಮನೆಯಲ್ಲಿ ಆರಿಸುವ ಕಣ್ಣು ಅವ್ವನದು. ಆವತ್ತು ಬೆಳಗ್ಗೆಯೇ ಅವ್ವ ಹೊರಗಾದಳು.

ಅಪ್ಪ ಪಾಪ, ಹುಳುವಿಗೆ ಹಸಿವಾಗಬಾರದೆಂದು ತಟ್ಟೆಗಳಿಗೆ ಸೊಪ್ಪಿನ ಮೇಲೆ ಸೊಪ್ಪು ಹಾಕಿದ. ಮಧ್ಯಾಹ್ನ ನಾನು ಅವ್ವನಿಗೆ ಮುದ್ದೆ, ಬಸ್ಸಾರು ಒಯ್ದು ಹೊಸ್ತಿಲ ಬಳಿ ಇಟ್ಟೆ. ಅವಳು ಊಟ ಮುಟ್ಟಲಿಲ್ಲ.

“ಹುಳ ಮೇಯ್ತಾ ಅವಾ?” ಎಂದಳು.

ಇಲ್ಲ, ಎಲ್ಲ ತಲೆಯೆತ್ತಿಕೊಂಡಿವೆ ಎಂದೆ. ಅವ್ವನ ಮುಖ ಕಪ್ಪಿಟ್ಟಿತು.

“ಹಣ್ಣಾಗ್ಬುಟ್ಟವೆ. ಸೊಪ್ಪಾಕ್ಬ್ಯಾಡ ಅಂತ ನಿಮ್ಮಪ್ಪಂಗೆ ಹೇಳೋಗು.”

ಓಡಿಹೋಗಿ ಹೇಳಿದೆ. ಅಪ್ಪ ಸೊಪ್ಪು ಸರಿಸಿ ನೋಡಿದರೆ ಕೆಲವು ಆಗಲೇ ನೂಲು ಬಿಡತೊಡಗಿದ್ದವು. ಯಾವುದು ಹಣ್ಣು, ಯಾವುದು ಕಾಯಿ ಎಂದು ಗೊತ್ತಾಗದೆ ಅವನು ತಟ್ಟೆಯಿಂದ ತಟ್ಟೆಗೆ ಓಡಾಡಿದ. ಆ ಬೇಸಿಗೆಯ ದುಡಿಮೆಯೆಲ್ಲ ಆ ತಟ್ಟೆಗಳಲ್ಲಿತ್ತು. ಅಜ್ಜಿಗೆ ಕಣ್ಣು ಮಂಜು. ಅವಳು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಕೋಣೆಯ ಬಾಗಿಲಲ್ಲಿ ನಿಂತು ಅವ್ವನನ್ನು ಕರೆದಳು.

“ಎದ್ ಬಾರವ್ವ. ಕೈಕಾಲ್ ತೊಳ್ಕೊಂಡ್ ಒಳೀಕ್ ಬಾ. ಏನಾರ ಆದ್ರೆ ಆ ಪಾಪ ನಂಗಿರ್ಲಿ.”

ಅವ್ವ ಕೈಕಾಲು ತೊಳೆದುಕೊಂಡು ಬಂದಳು. ತಟ್ಟೆಗೆ ಕೈ ಹಾಕಿ ಹಣ್ಣಾದ ಹುಳುಗಳನ್ನು ಆರಿಸತೊಡಗಿದಳು. ಸಂಜೆಯ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿದ್ದವು. ಮುಂದಿನ ದಿನಗಳಲ್ಲಿ ಮನೆಯವರೆಲ್ಲ ಚಂದ್ರಿಕೆಗಳನ್ನೇ ನೋಡುತ್ತಾ ಕಾದೆವು. ರೋಗ ಬರಲಿಲ್ಲ. ಗೂಡು ಗಟ್ಟಿಯಾಗಿ, ಹಳದಿಯಾಗಿ ಹೊಳೆಯುತ್ತಿತ್ತು.

ಆ ಕೋಣೆಯ ಮಾತು ಬಂದದ್ದು ಮುಂದೆ ಹಳೆಮನೆ ಕೆಡವಿ ಹೊಸದು ಕಟ್ಟುವಾಗ. ಮೇಸ್ತ್ರಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಎಳೆಯುತ್ತಾ, ಹೇಳುವ ಮೊದಲೇ ಹಿಂದುಗಡೆ ಒಂದು ಸಣ್ಣ ಚೌಕ ಹಾಕಿದ. ಹೊರಗಾದವರಿಗೆ ಎಂದ. ಅಜ್ಜಿ ಹೋಗಿ ಕಾಲಿನಿಂದ ಆ ಗೆರೆಯನ್ನು ಉಜ್ಜಿದಳು.

“ಹುಳಕ್ಕೇ ಬ್ಯಾಡದ ಕೋಣೆ ನಮ್ಗ್ಯಾಕಪ್ಪಾ?”

ಮೇಸ್ತ್ರಿ ತಾತನ ಮುಖ ನೋಡಿದ. ತಾತ ಎಲೆಯಡಿಕೆ ಉಗಿದು ಬಂದು, ಅವಳು ಹೇಳಿದಂತೆ ಮಾಡು ಎಂದ. ನಮ್ಮೂರಲ್ಲಿ ಆ ಕೋಣೆಯಿಲ್ಲದೆ ಎದ್ದ ಮೊದಲ ಮನೆ ನಮ್ಮದು. ಬೇರೆಯವರು ತಮ್ಮ ಮನೆಯ ಗ್ರಾನೈಟು, ತೇಗದ ಬಾಗಿಲು ಹೊಗಳಿಕೊಳ್ಳುವಾಗ ನಾನು ಇದನ್ನು ಹೇಳಿ ಇವತ್ತಿಗೂ ಬೀಗುತ್ತೇನೆ.

ಈಗ ಹುಳುಗಳಿಗೆ ತೋಟದಲ್ಲಿ ಬೇರೆ ಮನೆಯಿದೆ, ಅದರ ಬೀಗದ ಕೈ ಅವ್ವನ ಸೊಂಟದಲ್ಲಿದೆ. ಗೂಡು ಕೇಳಿಕೊಂಡು ಬಂದವರು ಜಗಲಿಯಲ್ಲಿ ಅವಳಿಗಾಗಿ ಕಾಯುತ್ತಾರೆ. ನನ್ನ ಮಗಳು ತಿಂಗಳ ಮೂವತ್ತು ದಿನವೂ ಆ ಹುಳುಮನೆ ತುಂಬ ಓಡಾಡುತ್ತಾಳೆ.

ಕಳೆದುಕೊಂಡದ್ದೂ ಒಂದಿದೆ. ಹಿತ್ತಲ ಕೋಣೆಯಲ್ಲಿದ್ದಾಗ ಅವ್ವನಿಗೆ ಯಾರೂ ಕೆಲಸ ಹೇಳುವಂತಿರಲಿಲ್ಲ. ನಾನು ಹೊಸ್ತಿಲಾಚೆ ಕೂತಿರುತ್ತಿದ್ದೆ, ಅವಳು ಒಳಗೆ ಕಾಲು ಚಾಚಿಕೊಂಡು ತನ್ನ ತವರಿನ ಕತೆ ಹೇಳುತ್ತಾ ನಗುತ್ತಿದ್ದಳು. ಹೊಸ ಮನೆಯಲ್ಲಿ ಎಲ್ಲ ಬಾಗಿಲೂ ಅವಳಿಗೆ ತೆರೆದವು, ಎಲ್ಲ ಕೆಲಸವೂ ಅವಳದೇ ಆಯಿತು. ಆ ಕೋಣೆ ಮತ್ತೆ ಯಾವ ಹೆಣ್ಣಿಗೂ ಬೇಡ. ಆದರೆ ಅವ್ವ ಸುಮ್ಮನೆ ಕೂರಲು ಅವಳದೇ ಒಂದು ಜಾಗ ಬೇಕೆಂದು, ಆವತ್ತು ಗೆರೆ ಎಳೆಯುವಾಗ, ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.