ಡಾವೀಕಡೆ

ಅಪ್ಪನ ಮಾತು ನಿಂತುಹೋಗಬಾರದು ಎಂದು ನಾನು ಗಾಡಿಯ ಆಯಿಲ್ ಬದಲಿಸಲು ಹೊರಟೆ. ಕೇಳಿದವರು ನಗುತ್ತಾರೆ, ನಗಲಿ. ಲಕ್ವಾ ಹೊಡೆದು ಅವರ ಬಲಗೈ, ಬಲಗಾಲು ಸೋತಿದ್ದವು. ನಾಲಗೆ ಪೂರ್ತಿ ಸೋತಿರಲಿಲ್ಲ, ಆದರೆ ದಪ್ಪಗಾಗಿ ಪ್ರತಿ ಮಾತನ್ನೂ ಎಳೆಯುತ್ತಿತ್ತು. ಕಲ್ಯಾಣದಲ್ಲಿ ಅವರಿಗೆ ಮಾತಿನ ವ್ಯಾಯಾಮ ಹೇಳಿಕೊಡುತ್ತಿದ್ದ ಹೆಂಗಸು ಒಂದು ದಿನ ನನ್ನನ್ನು ಹೊರಗೆ ಕರೆದು ಹೇಳಿದರು: ಯಾವುದರ ಬಗ್ಗೆ ಮಾತಾಡಲು ಅವರಿಗೆ ಆಸೆಯೋ ಅದನ್ನೇ ಮಾತಾಡಿಸಿ, ನಾಚಿಕೆಯಿಂದಲೋ ಬೇಸರದಿಂದಲೋ ತಾವಾಗಿ ಬಿಟ್ಟರೆ ಮತ್ತೆ ತರುವುದು ಕಷ್ಟ. ಆ 'ಬಿಟ್ಟರೆ' ಎಂಬ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ಯಾಕೆಂದರೆ ಅಪ್ಪ ಎಂದರೆ ಧ್ವನಿ. ಡೊಂಬಿವಿಲಿಯಿಂದ ದಿನಾ ವಾಶಿಗೆ ಹೋಗಿ, ಮಾರ್ಕೆಟ್ಟಿನ ಹತ್ತಿರದ ಒಂದು ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂತು ಜೀವಮಾನ ಕಳೆದವರು ಅವರು. ಹಮಾಲರು, ವ್ಯಾಪಾರಿಗಳು, ಟೆಂಪೋದವರು ಎಲ್ಲರೂ ಒಟ್ಟಿಗೆ ಗಲಾಟೆ ಮಾಡುವಾಗಲೂ ಅವರ ಒಂದು ಕೂಗು ಹಿಂದಿನ ಅಡುಗೆ ಭಟ್ಟಿಯ ತನಕ ಮುಟ್ಟುತ್ತಿತ್ತು. ಮನೆಗೆ ಬಂದರೆ ಗಾಡಿಯದೇ ಮಾತು. ನಮ್ಮ ಗಾಡಿ ಎಂದರೆ ಒಂದು ಹಳೆಯ ಬಿಳಿ ಕಾರು. ಅದರ ಆಯಿಲನ್ನು ಅವರು ಯಾವ ಗ್ಯಾರೇಜಿನವನಿಗೂ ಬದಲಿಸಲು ಬಿಟ್ಟವರಲ್ಲ. ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಹಳೆಯ ಬನಿಯನ್ ಹಾಕಿಕೊಂಡು ಗಾಡಿಯ ಕೆಳಗೆ ನುಸುಳಿದರೆ, ಮೇಲಿನ ಮನೆಗಳವರಿಗೆಲ್ಲ ಇವತ್ತು ಆಯಿಲ್ ಬದಲಿಸುವ ದಿನ ಎಂದು ಗೊತ್ತಾಗುತ್ತಿತ್ತು, ಅಷ್ಟು ಬೈಗುಳ ಕೇಳುತ್ತಿತ್ತು.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅವರನ್ನು ಕೆಳಗಿಳಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. "ಅಪ್ಪ, ನೀವು ಹೇಳಿ, ನಾನು ಮಾಡ್ತೇನೆ" ಅಂದೆ. ಎಣ್ಣೆ ಹಿಡಿಯಲು ನಾನು ಕೇಳಿದ್ದೆನೆಂದು ಅಮ್ಮ ಹಿಟ್ಟು ಕಲಸುವ ತನ್ನ ಹಳೆಯ ಪರಾತವನ್ನು ಸೆರಗಿಗೆ ಒತ್ತಿ ಹಿಡಿದು ಬಂದಳು.

"ನಿಂಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ? ನೆಟ್ಟಗೆ ಒಂದು ದೋಸೆ ತಿರುಗಿಸ್ಲಿಕ್ಕೆ ಬರುದಿಲ್ಲ, ಗಾಡಿ ರಿಪೇರಿ ಅಂತೆ. ನನ್ನ ಪರಾತ ಹಾಳಾದ್ರೆ ನೋಡು ಮತ್ತೆ."

ಅಪ್ಪ ನಕ್ಕರು. ಬಾಯಿಯ ಎಡಭಾಗ ಮಾತ್ರ ನಕ್ಕಿತು, ಆದರೂ ನಗು ನಗುವೇ. ನನಗೆ ಆಗಲೇ ಅರ್ಧ ಗೆದ್ದಂತೆ ಅನಿಸಿತು.

ಮೊದಲಿಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಮುಂದಿನ ಚಕ್ರಗಳನ್ನು ಅವರೇ ಹಿಂದೆ ಮಾಡಿಸಿಟ್ಟಿದ್ದ ಮರದ ಇಳಿಜಾರು ತುಂಡುಗಳ ಮೇಲೆ ಹತ್ತಿಸಿ ಕೆಳಗೆ ಮಲಗಿದೆ. "ಪಾ...ನಾ" ಎಂದರು. ಪಾನಾ ಎಂದರೆ ನಟ್ಟು ಬಿಚ್ಚುವ ಸಾಧನ, ನಮ್ಮಲ್ಲಿ ಯಾರೂ ಸ್ಪ್ಯಾನರ್ ಅನ್ನುವುದಿಲ್ಲ. ಪಾನಾ ಕಚ್ಚಿಸಿದೆ. "ನಿನ್ನ ಹತ್ರ ಎಳಿ" ಎಂದರು. ಎಳೆದೆ, ಬೋಲ್ಟು ಸಡಿಲವಾಯಿತು, ಕಪ್ಪು ಎಣ್ಣೆ ಅಮ್ಮನ ಪರಾತಕ್ಕೆ ಬಿತ್ತು. "ಹ್ಞಾಂ! ಬಿ...ಸಿ, ಜಾಗ್ರತೆ" ಎಂದರು. ಅಷ್ಟು ಮಾತು ಒಂದೇ ಉಸಿರಿನಲ್ಲಿ ಅವರ ಬಾಯಿಂದ ಬಂದು ಎಷ್ಟೋ ದಿನಗಳಾಗಿದ್ದವು. ಗಾಡಿಯ ಕೆಳಗೆ ಮಲಗಿದ್ದವಳಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಸಿ ಮಾಡಿಕೊಂಡೆ.

ಆಮೇಲೆ ಫಿಲ್ಟರ್. ಅದು ಅಂಗೈಯಲ್ಲಿ ಹಿಡಿಯುವಷ್ಟು ದಪ್ಪದ ತಗಡಿನ ಡಬ್ಬಿ, ಇಂಜಿನ್ನಿಗೆ ತಿರುಚಿ ಕೂರಿಸಿರುತ್ತಾರೆ. ಕೈಯಿಂದ ತಿರುಗಿಸಿದರೆ ಬರಬೇಕು. ಬರಲಿಲ್ಲ. ಬಟ್ಟೆ ಸುತ್ತಿ ಹಿಡಿದೆ, ಬರಲಿಲ್ಲ. ಲಕ್ವಾ ಹೊಡೆಯುವ ಮೊದಲು ಅಪ್ಪನೇ ಅದನ್ನು ಕೂರಿಸಿದ್ದರು, ತಮ್ಮ ಬಲಗೈಯಿಂದ. ಆ ಕೈಯ ಬಿಗಿ ಇನ್ನೂ ಅಲ್ಲೇ ಇತ್ತು, ಕೈ ಮಾತ್ರ ಕುರ್ಚಿಯಲ್ಲಿ ಅವರ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಹಿಡಿದು ತಿರುಗಿಸಲು ಅವರ ಹತ್ತಿರ ಒಂದು ಪಟ್ಟಿಯ ಪಾನಾ ಇತ್ತು. ಅದನ್ನು ಡಬ್ಬಿಗೆ ಸುತ್ತಿದೆ. ಆ ಇಕ್ಕಟ್ಟಿನಲ್ಲಿ ಅಡ್ಡ ಮಲಗಿದವಳಿಗೆ ಬಿಚ್ಚುವ ಕಡೆ ಯಾವುದು, ಬಿಗಿಯುವ ಕಡೆ ಯಾವುದು ಎಂದೇ ಗೊಂದಲವಾಯಿತು. "ಯಾವ ಕಡೆ ಅಪ್ಪ?" ಎಂದು ಕೂಗಿದೆ.

"ದಾ...ಯೀ ಕಡೆ."

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಮನೆಯ ಮಾತು ಉಡುಪಿಯ ಕನ್ನಡ. ಆದರೆ ಇಲ್ಲಿ ಯಾವ ಮನೆಯ ಮಾತೂ ಒಂಟಿಯಾಗಿ ಬದುಕುವುದಿಲ್ಲ. ಅಪ್ಪನಿಗೆ ಗಾಡಿ ಕಲಿಸಿದವರು ಠಾಣೆಯ ಒಬ್ಬ ಮರಾಠಿ ಡ್ರೈವರ್, ಹಾಗಾಗಿ ಗಾಡಿಯ ಹತ್ತಿರ ಬಂದರೆ ಅವರ ಎಡಬಲಗಳು ಮರಾಠಿಯವು. ನಾನು ಕಲಿತದ್ದು ಡ್ರೈವಿಂಗ್ ಸ್ಕೂಲಿನಲ್ಲಿ, ನನ್ನವು ಹಿಂದಿಯವು. ಮರಾಠಿಯಲ್ಲಿ 'ಡಾವೀಕಡೆ' ಎಂದರೆ ಎಡಕ್ಕೆ. ಹಿಂದಿಯಲ್ಲಿ 'ದಾಯೀ' ಎಂದರೆ ಬಲಕ್ಕೆ. ಅದರ ಮೇಲೆ ಈ 'ಕಡೆ' ಎಂಬುದು ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ. ದಾಯೀ ಕಡೆ ಎಂದು ಹಿಂದಿಗೆ ಕನ್ನಡ ಅಂಟಿಸಿ ಮಾತಾಡುವುದು ನಮ್ಮಲ್ಲಿ ಎಲ್ಲರ ರೂಢಿ. ಆ ದಪ್ಪ ನಾಲಗೆಯಲ್ಲಿ ಡಕಾರ ದಕಾರವಾಗಿದೆ, ವಕಾರ ಯಕಾರವಾಗಿದೆ ಎಂದು ನನಗೆ ಹೊಳೆಯಲೇ ಇಲ್ಲ.

ನಾನು ಬಲಕ್ಕೆ ತಿರುಗಿಸಿದೆ. ಅದು ಕೊಂಚ ಅಲುಗಿತು. "ಬಂತು ಅಪ್ಪ! ಬಂತು!" ಎಂದು ಕಿರುಚಿದೆ.

"ಇಲ್ಲ! ದಾಯೀ ಕಡೆ! ದಾಯೀ!"

"ದಾಯೀ ಕಡೆಗೇ ತಿರುಗಿಸ್ತಾ ಇದ್ದೇನೆ ಅಪ್ಪ!"

"ದಾಯೀ!"

ಅವಸರ ಆದಷ್ಟೂ ಅವರಿಗೆ ಬೇರೆ ಪದ ಸಿಗುತ್ತಿರಲಿಲ್ಲ, ಅದೊಂದೇ ಮತ್ತೆ ಮತ್ತೆ ಬರುತ್ತಿತ್ತು. ಕೈ ಸನ್ನೆ ಮಾಡುತ್ತಿದ್ದರೋ ಏನೋ, ನನಗೆ ಕೆಳಗಿನಿಂದ ಕಾಣುತ್ತಿದ್ದದ್ದು ಅವರ ಚಪ್ಪಲಿ ಮಾತ್ರ. ನನ್ನ ಜೋರು ಸಾಲುತ್ತಿಲ್ಲವೆಂದು ಬೈಯುತ್ತಿದ್ದಾರೆ ಎಂದುಕೊಂಡು ಎರಡೂ ಕಾಲು ಊರಿ, ಹಲ್ಲು ಕಚ್ಚಿ ಇನ್ನಷ್ಟು ಬಲಕ್ಕೆ ಎಳೆದೆ. ಪಟ್ಟಿ ಜಾರಿ ಗೆಣ್ಣು ತರಚಿತು. ರೇಗಿ ಹೋಯಿತು. ದೊಡ್ಡ ಸ್ಕ್ರೂಡ್ರೈವರ್ ತೆಗೆದುಕೊಂಡು ಸುತ್ತಿಗೆಯಿಂದ ಡಬ್ಬಿಯ ಆಚೆ ಈಚೆ ಹಾಯುವಂತೆ ಹೊಡೆದೆ. ಅದನ್ನೇ ಹಿಡಿಯಾಗಿ ಹಿಡಿದು ತಿರುಗಿಸಿದೆ. ತಗಡು ಹರಿದು ಒಳಗಿನ ಎಣ್ಣೆ ನನ್ನ ಕತ್ತಿನ ಮೇಲೆ ಸುರಿಯಿತು. ಫಿಲ್ಟರ್ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ತರಕಾರಿ ತಂದು ಲಿಫ್ಟಿನ ಕಡೆ ಹೋಗುತ್ತಿದ್ದ ಎರಡನೇ ಮಾಳಿಗೆಯ ಮರಾಠಿ ಅಜ್ಜಿ ಅಪ್ಪನ ಕೂಗು ಕೇಳಿ ನಿಂತರು. ಬಗ್ಗಿ ನನ್ನನ್ನು ನೋಡಿ, "ಅಗ, ತುಝೇ ಬಾಬಾ ಡಾವೀಕಡೆ ಮ್ಹಣತಾಯತ! ತೂ ಉಜವೀಕಡೆ ಕಶಾಲಾ ಫಿರವತೇಸ?" ಎಂದರು. ನಿನ್ನಪ್ಪ ಎಡಕ್ಕೆ ಅನ್ನುತ್ತಿದ್ದಾರೆ, ನೀನು ಬಲಕ್ಕೆ ಯಾಕೆ ತಿರುಗಿಸುತ್ತೀ ಎಂದು. ದಾರಿಯಲ್ಲಿ ಹೋಗುವವರಿಗೆ ಅರ್ಥವಾಗಿತ್ತು. ಅದೂ ಒಂದೇ ಸಲಕ್ಕೆ.

ನಾನು ತೆವಳಿಕೊಂಡು ಹೊರಗೆ ಬಂದೆ. ಅಪ್ಪ ಮುಂದಕ್ಕೆ ಬಾಗಿ ಎಡಗೈಯಿಂದ ಕುರ್ಚಿಯ ತೋಳು ಹಿಡಿದುಕೊಂಡಿದ್ದರು. ಹಣೆಯಲ್ಲಿ ಬೆವರು. ಅವರು ಫಿಲ್ಟರಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದರು. ನಾನು ಹೇಗಾದರೂ ನಗಬೇಕಿತ್ತು. "ಛೆ, ನನ್ನ ಕಿವಿಯೇ ಕಿವುಡು ಅಪ್ಪ, ನೀವು ಸರಿಯಾಗಿಯೇ ಹೇಳಿದ್ರಿ" ಅಂದೆ. ನನ್ನ ಸಮಾಧಾನದ ಮಾತು ನನಗೇ ಸುಳ್ಳಾಗಿ ಕೇಳಿಸಿತು. ಅವರು ಸರಿಯಾಗಿಯೇ ಹೇಳಿದ್ದರು, ಹಾಗೆ ಹೇಳಿಯೂ ಮಗಳಿಗೆ ತಲುಪಲಿಲ್ಲ ಎಂಬುದು ಅವರಿಗೆ ತಿಳಿದುಹೋಗಿತ್ತು. ಅವರು ತುಟಿ ಮುಚ್ಚಿಕೊಂಡು ಕುರ್ಚಿಗೆ ಒರಗಿದರು.

ಮರುದಿನ ಶಹಾಡಿನಿಂದ ಒಬ್ಬ ಮೆಕ್ಯಾನಿಕ್ ಬಂದು ಉಳಿ ಹಾಕಿ ಹೊಡೆದು ಹೊಡೆದು ಅದನ್ನು ಬಿಡಿಸಿದ. ಅಪ್ಪನನ್ನು ಕೆಳಗೆ ಕರೆದುಕೊಂಡು ಹೋದೆ. ಅವನು ಏನಾದರೂ ತಪ್ಪು ಮಾಡಲಿ, ಅಪ್ಪ ರೇಗಲಿ ಎಂದು ಒಳಗೊಳಗೇ ಹಾರೈಸಿದೆ. ಅವನು ಹೊಸ ಫಿಲ್ಟರಿನ ರಬ್ಬರಿಗೆ ಎಣ್ಣೆ ಸವರದೆ ಕೂರಿಸಿದ. ಹಿಂದಿನ ಅಪ್ಪನಾಗಿದ್ದರೆ ಆ ಒಂದು ಕಾರಣಕ್ಕೆ ಅವನ ಮೂರು ತಲೆಮಾರಿನ ಜಾತಕ ಬಿಚ್ಚಿಡುತ್ತಿದ್ದರು. ಈಗ ಅವರು ಗೇಟಿನ ಹೊರಗೆ ನಿಂತ ರಿಕ್ಷಾಗಳನ್ನು ನೋಡುತ್ತ ಕೂತಿದ್ದರು. ನಾನೇ ಅವನಿಗೆ ಬೈದು, ಬಿಚ್ಚಿಸಿ, ಎಣ್ಣೆ ಸವರಿಸಿದೆ.

ಆ ವಾರದಿಂದ ಮಾತು ಹೋಯಿತು. ನೀರು ಬೇಕಾದರೆ ಲೋಟ ತೋರಿಸುತ್ತಾರೆ. ಫ್ಯಾನ್ ಬೇಡವಾದರೆ ಸ್ವಿಚ್ಚಿನ ಕಡೆ ಗದ್ದ ಎತ್ತುತ್ತಾರೆ. ಕಲ್ಯಾಣದ ಹೆಂಗಸು ಚಿತ್ರಗಳನ್ನು ತೋರಿಸಿದರೆ ಒಂದೊಂದನ್ನೂ ನೋಡಿ, ಮರ್ಯಾದೆಯಿಂದ ತಲೆಯಾಡಿಸಿ, ಮುಂದಿನದು ಎನ್ನುವಂತೆ ಕೈ ತೋರಿಸುತ್ತಾರೆ. ಹೊಸದಾಗಿ ಏನೂ ಕೆಟ್ಟಿಲ್ಲವಂತೆ, ಡಾಕ್ಟರೂ ನೋಡಿ ಹಾಗೇ ಹೇಳಿದರು. ಕೆಡದೇ ಇರುವುದನ್ನು ಸರಿಮಾಡುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ನಾನು ಈಗ ಅವರ ಎದುರು ಮರಾಠಿಯಲ್ಲೂ ಮಾತಾಡಿ ನೋಡುತ್ತೇನೆ, ಕನ್ನಡದಲ್ಲೂ ನೋಡುತ್ತೇನೆ, ಗಾಡಿಯ ಬಗ್ಗೆ ತಪ್ಪುತಪ್ಪಾಗಿ ಹೇಳಿ ಕೆಣಕುತ್ತೇನೆ. ಅವರಿಗೆ ನನ್ನ ಉಪಾಯ ತಿಳಿಯುತ್ತದೆ, ಅದಕ್ಕೇ ಇರಬೇಕು, ನನ್ನ ಕೆನ್ನೆ ತಟ್ಟಿ ಮಲಗಿಬಿಡುತ್ತಾರೆ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಬಾಯಿಗಿಟ್ಟರೆ ಉಪ್ಪೇ ಇಲ್ಲ. ಅಮ್ಮನ ಕಡೆ ನೋಡಿದೆ. ಅವಳು ಕಣ್ಣಿನಲ್ಲೇ ಸುಮ್ಮನಿರಲು ಹೇಳಿ, ನನ್ನ ಕಿವಿಯ ಹತ್ತಿರ ಬಾಗಿ, "ಬೇಕಂತ್ಲೇ ಹಾಕ್ಲಿಲ್ಲ. ಒಮ್ಮೆ ಬೈಲಿ" ಎಂದಳು. ಮೇಜಿನ ಮೇಲೆ ಉಪ್ಪಿನ ಡಬ್ಬಿಯೂ ಇರಲಿಲ್ಲ. ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ಮೊದಲ ತುತ್ತು ತೆಗೆದುಕೊಂಡರು. ಅಗಿಯುವುದು ಒಂದು ಕ್ಷಣ ನಿಂತಿತು. ಇಬ್ಬರೂ ಅವರ ಬಾಯನ್ನೇ ನೋಡುತ್ತ ಕೂತೆವು. ಅವರು ನುಂಗಿ ಎರಡನೇ ತುತ್ತು ಕಲಸಿದರು. ತಟ್ಟೆ ಖಾಲಿಯಾಗುವ ತನಕ ಹಾಗೇ ತಿಂದರು.

"ಬೈಯಿರಿ ಮಾರಾಯ್ರೇ, ಎಂತ ಅಡುಗೆ ಇದು ಅಂತ ಒಂದು ಮಾತು ಬೈಯಿರಿ" ಎಂದು ಅಮ್ಮ ಸೌಟು ಹಿಡಿದುಕೊಂಡೇ ಅತ್ತುಬಿಟ್ಟಳು.

ಅಪ್ಪ ಅವಳ ಕಡೆ ತಿರುಗಿದರು. ಆಮೇಲೆ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿ, ಇನ್ನೊಂದು ಸೌಟು ಹಾಕು ಎಂದು ಬೆರಳು ತೋರಿಸಿದರು.